ಹಿತ್ತಿಲ ಕೆಲಸದಲ್ಲಿ ದೊಡ್ಡ ಕತ್ತಿಗಳ ಪರೀಕ್ಷೆ: ತಯಾರಕರಿಗೂ ವರ್ತಕರಿಗೂ ಒಂದು ಲೆಕ್ಕಾಚಾರ

ನಮ್ಮ ನಾಡಿನ ಯಾವುದೇ ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯನ್ನು ಹೊಕ್ಕರೂ ಗುದ್ದಲಿ, ಹಾರೆ, ಪಿಕಾಸಿಗಳ ಪಕ್ಕದಲ್ಲಿ ಮಚ್ಚು ಮತ್ತು ಕತ್ತಿಗಳ ಒಂದು ಸಾಲು ಇದ್ದೇ ಇರುತ್ತದೆ. ಮನೆಯ ಹಿತ್ತಿಲು, ತೆಂಗಿನ ತೋಟ, ಅಡಿಕೆ ತೋಟ, ಕಾಫಿ ತೋಟ ಇವುಗಳಲ್ಲಿ ಯಾವುದೂ ಈ ಉಪಕರಣವಿಲ್ಲದೆ ನಡೆಯುವುದಿಲ್ಲ. ಆದರೆ ಇಷ್ಟು ವ್ಯಾಪಕ ಬಳಕೆಯುಳ್ಳ ಈ ವಸ್ತುವನ್ನು ಕೊಳ್ಳುವ ಕ್ರಮ ಮಾತ್ರ ವಿಚಿತ್ರವಾದುದು. ಗಿರಾಕಿ ಅದನ್ನು ಕೈಯಲ್ಲಿ ಎತ್ತಿ ತೂಗಿ ನೋಡುತ್ತಾನೆ, ಹೆಬ್ಬೆರಳಿನಿಂದ ಬಾಯಿಯನ್ನು ಸವರುತ್ತಾನೆ, ಬೆಲೆ ಕೇಳುತ್ತಾನೆ. ಹಲವು ಅಂಗಡಿಗಳಲ್ಲಿ ಇಂದಿಗೂ ತೂಕದ ಲೆಕ್ಕದಲ್ಲಿಯೇ ವ್ಯಾಪಾರ. ಕತ್ತಿ ಕಡಿಯುತ್ತದೆಯೇ, ಎಷ್ಟು ಹೊತ್ತು ಕಡಿಯುತ್ತದೆ, ಯಾವುದನ್ನು ಕಡಿಯುತ್ತದೆ ಎಂಬ ಪ್ರಶ್ನೆಗಳಿಗೆ ಅಂಗಡಿಯಲ್ಲಿ ಉತ್ತರ ದೊರೆಯುವುದಿಲ್ಲ.

ಆ ಉತ್ತರ ಕೆಲಸದ ಸ್ಥಳದಲ್ಲಿ ಮಾತ್ರ ದೊರೆಯುತ್ತದೆ. ಅದನ್ನು ಮಾರಾಟಕ್ಕೆ ಮೊದಲೇ ಪಡೆದು ಬರೆದಿಟ್ಟುಕೊಳ್ಳುವ ತಯಾರಕನಿಗೆ ಬೆಲೆ ನಿಗದಿ, ಮಾಲಿನ ವಾಪಸಾತಿ, ತೆರಿಗೆ ವರ್ಗೀಕರಣ ಈ ಮೂರರಲ್ಲಿಯೂ ಅನುಕೂಲವಿದೆ ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ದಾಸ್ತಾನು ಪಟ್ಟಿ ಹೇಳಿದ ಸಂಗತಿ

ಕೃಷಿ ಉಪಕರಣಗಳನ್ನು ತಯಾರಿಸುವ ಸಣ್ಣ ಘಟಕವೊಂದರ ವರ್ಷಾಂತ್ಯದ ದಾಸ್ತಾನು ಪರಿಶೀಲನೆಯ ವೇಳೆ ಗೋದಾಮಿನ ಮೂಲೆಯಲ್ಲಿ ಅಂಗಡಿಗಳಿಂದ ಮರಳಿ ಬಂದ ಕತ್ತಿಗಳ ರಾಶಿಯೊಂದು ಕಂಡುಬಂದಿತು. ಕೆಲವು ಕತ್ತಿಗಳ ಬಾಯಿ ಮಡಿಸಿಕೊಂಡಿತ್ತು. ಕೆಲವುಗಳ ಬಾಯಿಯಿಂದ ಚಕ್ಕೆ ಹಾರಿತ್ತು. ಇನ್ನು ಕೆಲವಕ್ಕೆ ಹಿಡಿಯೇ ಇರಲಿಲ್ಲ. ಲೆಕ್ಕದಲ್ಲಿ ಇವನ್ನೆಲ್ಲ ತಯಾರಿಕಾ ವೆಚ್ಚದಲ್ಲಿಯೇ ತೋರಿಸಲಾಗಿತ್ತು. ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದರಲ್ಲಿ ತೋರಿಸಬೇಕೆಂಬುದು ಲೆಕ್ಕಪತ್ರದ ಮೂಲ ನಿಯಮ. ಮುರಿದ ಕತ್ತಿಯ ವಸೂಲಿ ಮೌಲ್ಯವೆಂದರೆ ಗುಜರಿಯ ಬೆಲೆ. ಆ ತಿದ್ದುಪಡಿಯಾದ ಮೇಲೆ ಆ ಸಾಲಿನ ಲಾಭದಲ್ಲಿ ಗಣನೀಯ ಭಾಗ ಕರಗಿಹೋಯಿತು.

ಮೂರು ಬಗೆಯ ದೋಷಗಳಿಗೆ ಮೂರು ಬೇರೆ ಬೇರೆ ಕಾರಣಗಳಿರುತ್ತವೆ. ಬಾಯಿ ಮಡಿಸಿಕೊಂಡರೆ ಉಕ್ಕು ಮೆದುವಾಗಿದೆ ಅಥವಾ ಬಾಯಿ ಅತಿಯಾಗಿ ತೆಳುವಾಗಿದೆ. ಚಕ್ಕೆ ಹಾರಿದರೆ ಉಕ್ಕು ಅತಿ ಗಡಸಾಗಿದೆ, ಹದ ಇಳಿಸಿಲ್ಲ. ಹಿಡಿ ಕಳಚಿದರೆ ಜೋಡಣೆಯ ದೋಷ. ಆದರೆ ಯಾವ ಕತ್ತಿ ಯಾವ ದಿನ ಕುಲುಮೆಯಿಂದ ಹೊರಬಂದಿತು, ಯಾವ ಕೆಲಸದಲ್ಲಿ ಮುರಿಯಿತು ಎಂಬ ದಾಖಲೆ ಯಾರಲ್ಲಿಯೂ ಇರಲಿಲ್ಲ. ಕಾರಣ ತಿಳಿಯದ ನಷ್ಟ ಮುಂದಿನ ವರ್ಷವೂ ಮರುಕಳಿಸುವುದು ಖಚಿತ. ಈ ಸಂದರ್ಭದಲ್ಲಿ ಹುಟ್ಟಿದ ಕುತೂಹಲದಿಂದ ಈ ಲೇಖಕನ ಮನೆಯ ಹಿತ್ತಿಲಿನಲ್ಲಿಯೇ ನಾಲ್ಕು ಬಗೆಯ ಕತ್ತಿಗಳನ್ನು ಕೆಲಸಕ್ಕೆ ಹಚ್ಚಿ ನೋಡಲಾಯಿತು.

ಪರೀಕ್ಷೆಗೆ ಒಡ್ಡಿದ ನಾಲ್ಕು ಕತ್ತಿಗಳು

ಮೊದಲನೆಯದು, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಊರಿನ ಕುಲುಮೆಯಲ್ಲಿ ಬಡಿದು ಮಾಡಿದ, ಮೂತಿ ಒಳಕ್ಕೆ ಬಾಗಿದ ಮಲೆನಾಡಿನ ಕತ್ತಿ. ಎರಡನೆಯದು, ಬಯಲುಸೀಮೆಯಲ್ಲಿ ಬಳಕೆಯಲ್ಲಿರುವ, ಅಗಲವಾದ ನೇರ ಅಲಗಿನ ಭಾರವಾದ ಮಚ್ಚು. ಮೂರನೆಯದು, ದಕ್ಷಿಣ ಅಮೆರಿಕದ ಮಾದರಿಯ ಮಚೆಟೆ. ಸುಮಾರು 2 ಮಿ.ಮೀ. ದಪ್ಪದ ಉಕ್ಕಿನ ತಗಡಿನಿಂದ ಕತ್ತರಿಸಿದ 18 ಅಂಗುಲದ ಹಗುರವಾದ ಅಲಗು. ನಾಲ್ಕನೆಯದು, ನೇಪಾಳದ ಖುಕ್ರಿ. ಖುಕ್ರಿಯೂ ಬಹುಮಟ್ಟಿಗೆ ವಾಹನಗಳ ಸ್ಪ್ರಿಂಗ್ ಪಟ್ಟಿಯಿಂದಲೇ ತಯಾರಾಗುವುದು ಗಮನಾರ್ಹ. ಅಲ್ಲಿನ ಕಮ್ಮಾರರು ಕೆಂಪಗೆ ಕಾದ ಅಲಗನ್ನು ಪೂರ್ತಿಯಾಗಿ ಅದ್ದದೆ ಬಾಯಿಯ ಗುಂಟ ಮಾತ್ರ ಕೆಟಲಿನಿಂದ ನೀರು ಹನಿಸುತ್ತಾರೆ. ಇದರಿಂದ ಬಾಯಿ ಗಡಸಾಗುತ್ತದೆ, ಬೆನ್ನು ಪೆಟ್ಟು ತಾಳುವಷ್ಟು ಮೆದುವಾಗಿಯೇ ಉಳಿಯುತ್ತದೆ.

ಪರೀಕ್ಷೆಯ ನಿಯಮಗಳು ಸರಳವಾಗಿದ್ದವು. ನಾಲ್ಕನ್ನೂ ಒಂದೇ ಅರದಿಂದ, ಒಂದೇ ಸಾಣೆಕಲ್ಲಿನಿಂದ ಹರಿತಗೊಳಿಸಲಾಯಿತು. ತೋಟದ ಕೆಲಸದಲ್ಲಿ ಪಳಗಿದ ಒಬ್ಬರೇ ಕೆಲಸಗಾರರು ನಾಲ್ಕನ್ನೂ ಬಳಸಿದರು. ಕೆಲಸಗಳು ಐದು: ಬೇಲಿಯ ಹುಲ್ಲು ಮತ್ತು ಎಳೆಯ ಕಳೆ ಸವರುವುದು, ಹೆಬ್ಬೆರಳ ಗಾತ್ರದ ಲಂಟಾನ ಕಡಿಯುವುದು, ಬಿದ್ದ ತೆಂಗಿನ ಗರಿಯ ಬುಡ ಕತ್ತರಿಸುವುದು, ಮುಂಗೈ ಗಾತ್ರದ ಒಣಗಿದ ಗ್ಲಿರಿಸಿಡಿಯಾ ಕೊಂಬೆಯನ್ನು ಸೌದೆ ಮಾಡುವುದು, ಹಸಿ ಬಿದಿರು ಕಡಿದು ಸೀಳುವುದು.

ಕೆಲಸ ಹೇಳಿದ ತೀರ್ಪು

ಹುಲ್ಲು ಮತ್ತು ಎಳೆಯ ಕಳೆಯಲ್ಲಿ ಮಚೆಟೆಗೆ ಸಾಟಿಯಿಲ್ಲ. ಎಳೆಯ ಕಾಂಡಕ್ಕೆ ಹಿಂದಿನಿಂದ ಆಸರೆ ಇರುವುದಿಲ್ಲ. ನಿಧಾನವಾಗಿ ಬರುವ ಭಾರದ ಅಲಗಿಗೆ ಅದು ಬಾಗಿ ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಬೇಕಾದುದು ವೇಗ. ಉದ್ದವಾದ, ಹಗುರವಾದ, ತೆಳುವಾದ ಅಲಗು ಆ ವೇಗವನ್ನು ಕೊಡುತ್ತದೆ. ಮಚ್ಚು ಇದೇ ಕೆಲಸದಲ್ಲಿ ಹುಲ್ಲನ್ನು ಜಜ್ಜಿ ಮಲಗಿಸಿತು.

ಒಣ ಕೊಂಬೆಯ ವಿಷಯದಲ್ಲಿ ಸ್ಥಾನಗಳು ಅದಲುಬದಲಾದವು. ತೆಳು ಅಲಗು ಒಣ ಮರದಲ್ಲಿ ಕಚ್ಚಿಕೊಂಡು ನಿಂತಿತು. ಪ್ರತಿ ಪೆಟ್ಟಿಗೂ ಅದನ್ನು ಅಲುಗಾಡಿಸಿ ಬಿಡಿಸಬೇಕಾಯಿತು. ಮಚ್ಚು ಮತ್ತು ಖುಕ್ರಿ ತಮ್ಮ ದಪ್ಪ ಬೆನ್ನಿನಿಂದ ಬೆಣೆಯಂತೆ ಮರವನ್ನು ಅಗಲಿಸಿ ಚಕ್ಕೆ ಎಬ್ಬಿಸಿದವು. ಖುಕ್ರಿಯ ತೂಕ ಮೂತಿಯ ಕಡೆಗಿರುವುದರಿಂದ ಚಿಕ್ಕ ಅಲಗಾದರೂ ಪೆಟ್ಟು ಜೋರಾಗಿ ಬೀಳುತ್ತದೆ.

ಲಂಟಾನ ಮತ್ತು ತೆಂಗಿನ ಗರಿಯ ಬುಡದಲ್ಲಿ ಮಲೆನಾಡಿನ ಕತ್ತಿಯೇ ಮೇಲೆನಿಸಿತು. ಒತ್ತಾಗಿ ಹೆಣೆದುಕೊಂಡ ಲಂಟಾನದ ಪೊದೆಯಲ್ಲಿ ಬೀಸಲು ಜಾಗವಿರುವುದಿಲ್ಲ. ಒಳಬಾಗಿದ ಮೂತಿ ಕಾಂಡವನ್ನು ಹಿಡಿದು ಕೈಯತ್ತ ಎಳೆಯುತ್ತದೆ. ಕೆಲಸ ಕಡಿತದಿಂದಲ್ಲದೆ ಎಳೆತದಿಂದಲೂ ಆಗುತ್ತದೆ. ಮುಳ್ಳಿನ ಕೊಂಬೆಯನ್ನು ಎಡಗೈಯಿಂದ ಮುಟ್ಟದೆಯೇ ಮೂತಿಯಿಂದ ಎಳೆದು ಬದಿಗೆ ಹಾಕಬಹುದು. ಈ ಬಾಗು ಅಲಂಕಾರಕ್ಕೆ ಬಂದುದಲ್ಲ. ತಲೆಮಾರುಗಳ ಬಳಕೆಯಲ್ಲಿ ರೂಪುಗೊಂಡದ್ದು.

ಬಿದಿರು ನಾಲ್ಕು ಕತ್ತಿಗಳ ಬಾಯಿಯನ್ನೂ ಪರೀಕ್ಷಿಸಿತು. ಬಿದಿರಿನ ಹೊರಪದರದಲ್ಲಿ ಸಿಲಿಕಾ ಅಂಶವಿರುವುದರಿಂದ ಅದು ಯಾವ ಬಾಯಿಯನ್ನಾದರೂ ಬೇಗ ಮೊಂಡು ಮಾಡುತ್ತದೆ. ಹದ ಸರಿಯಿಲ್ಲದ ಕತ್ತಿಯನ್ನು ಗುರುತಿಸಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಬಿದಿರಿನ ಗಿಣ್ಣಿಗೆ ಪೆಟ್ಟು ಕೊಟ್ಟ ಮೇಲೆ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಮಡಿಕೆಯಾಗಲಿ ಚಕ್ಕೆಯಾಗಲಿ ಹೊಳೆಯುವ ಚುಕ್ಕೆಯಾಗಿ ಕಾಣಿಸುತ್ತದೆ.

ತೂಕದ ಬಗ್ಗೆ ಕೆಲಸಗಾರರು ಆಡಿದ ಮಾತು ಯಾವ ಅಳತೆಗಿಂತಲೂ ಸ್ಪಷ್ಟವಾಗಿತ್ತು. ಮಚ್ಚನ್ನು ಕೆಳಗಿಟ್ಟು, "ಭಾರ ಇದೆ ಸಾರ್. ಊಟದ ತನಕ ಸರಿ, ಆಮೇಲೆ ಕೈ ಬೀಳುತ್ತೆ" ಎಂದರು. ಅಂಗಡಿಯಲ್ಲಿ ತೂಕವೇ ಗುಣವೆಂದು ಎಣಿಸುವ ಗಿರಾಕಿಗೂ ದಿನವಿಡೀ ಅದನ್ನು ಬೀಸುವ ಕೈಗೂ ಇರುವ ಅಂತರ ಇದು.

ಹದದ ಮಹತ್ವ

ಸಣ್ಣ ತಯಾರಕರಿಗೆ ಅತ್ಯಂತ ಮುಖ್ಯವಾದ ವಿಷಯವೆಂದರೆ ಹದ. ಕಟ್ಟಡಕ್ಕೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲದ ಅಂಶ ಶೇ. 0.25ಕ್ಕಿಂತ ಕಡಿಮೆ; ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲುವಷ್ಟು ಗಡಸಾಗದು. ಸ್ಪ್ರಿಂಗ್ ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.5 ರಿಂದ 0.65ರಷ್ಟು ಇರುತ್ತದೆ. ನಮ್ಮ ಕಮ್ಮಾರರು ಅದನ್ನೇ ಆರಿಸಿಕೊಳ್ಳುವುದಕ್ಕೆ ಇದೇ ಕಾರಣ. ಆದರೆ ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುವ ಸಂಭವವುಂಟು. ದೊಡ್ಡ ಪ್ರಮಾಣದಲ್ಲಿ ತಯಾರಿಸುವವರು ಹೊಸ ಪಟ್ಟಿಯನ್ನೇ ಕೊಳ್ಳುವುದು ಕ್ಷೇಮ.

ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಕುಲುಮೆಯ ಬಳಿ ಒಂದು ಅಯಸ್ಕಾಂತವನ್ನು ತೂಗುಹಾಕಿದರೆ ಬಣ್ಣ ನೋಡಿ ಊಹಿಸುವ ಕಷ್ಟ ಬಹಳಷ್ಟು ತಪ್ಪುತ್ತದೆ. ಅಂಟದಾದ ಮೇಲೆ ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಹಾಗೆ ಅದ್ದಿದ ಅಲಗು ಗಾಜಿನಂತೆ ಪೆಡಸು. ಅದನ್ನು ಮತ್ತೆ ಹಿತವಾಗಿ ಕಾಯಿಸಿ ಹದ ಇಳಿಸಬೇಕು. ಈ ಎರಡನೆಯ ಹಂತವನ್ನು ಅವಸರದಲ್ಲಿ ಬಿಟ್ಟ ಕತ್ತಿಗಳೇ ಚಕ್ಕೆ ಹಾರಿ ಮರಳಿ ಬರುವುದು. ತಿಕ್ಕಿ ಹೊಳಪುಗೊಳಿಸಿದ ಉಕ್ಕಿನ ಮೇಲೆ ಸುಮಾರು 220 ರಿಂದ 230 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣ, 300ರ ಆಸುಪಾಸಿನಲ್ಲಿ ನೀಲಿ ಬಣ್ಣ ಮೂಡುತ್ತದೆ. ಪೆಟ್ಟು ತಿನ್ನುವ ದೊಡ್ಡ ಕತ್ತಿಗೆ ಅಡುಗೆಮನೆಯ ಚಾಕುವಿನಷ್ಟು ಗಡಸುತನ ಬೇಕಿಲ್ಲ. ರಾಕ್‌ವೆಲ್ ಸಿ ಮಾಪಕದಲ್ಲಿ 50 ರಿಂದ 55ರ ನಡುವೆ ಇದ್ದರೆ ಬಾಯಿ ನಿಲ್ಲುತ್ತದೆ, ತೋಟದಲ್ಲಿಯೇ ಅರದಿಂದ ಹರಿತ ಮಾಡಿಕೊಳ್ಳಲೂ ಬರುತ್ತದೆ. ಮಾಪಕವಿಲ್ಲದವರಿಗೆ ಅರವೇ ಮಾಪಕ. ಅರ ಬೆಣ್ಣೆಯ ಮೇಲೆಂಬಂತೆ ಇಳಿದರೆ ಉಕ್ಕು ಮೆದು. ಕಚ್ಚದೆ ಜಾರಿದರೆ ಅತಿ ಗಡಸು. ತುಸು ಬಲಕ್ಕೆ ಕಚ್ಚಿದರೆ ಹದ ಸರಿ.

ಹಿಡಿಯ ವಿಷಯದಲ್ಲಿ ಒಂದೆರಡು ಮಾತು ಸಾಕು. ಅಲಗಿನ ಬಾಲ ಹಿಡಿಯ ತುದಿಯವರೆಗೂ ಸಾಗಿ ಆಚೆ ಬದಿಯಲ್ಲಿ ಬಡಿದು ಮಡಿಸಲ್ಪಟ್ಟಿದ್ದರೆ ಕತ್ತಿ ಸುಲಭವಾಗಿ ಕಳಚದು. ಹಸಿ ಮರದ ಹಿಡಿ ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುತ್ತದೆ. ಚೆನ್ನಾಗಿ ಒಣಗಿದ ಮರವನ್ನೇ ಬಳಸಬೇಕು. ನುಣುಪಾಗಿ ಮಿರುಗುವ ವಾರ್ನಿಷ್ ಅಂಗಡಿಯಲ್ಲಿ ಚೆಂದ, ಬೆವರಿದ ಕೈಗೆ ಅಪಾಯ.

ಅಗ್ಗದ ಕತ್ತಿಯ ನಿಜವಾದ ಬೆಲೆ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡಿಕೊಳ್ಳಬಹುದು. ದಿನಗೂಲಿ 600 ರೂಪಾಯಿ, ಕೆಲಸದ ಅವಧಿ 8 ಗಂಟೆ ಎಂದಿಟ್ಟುಕೊಂಡರೆ ನಿಮಿಷಕ್ಕೆ 1 ರೂಪಾಯಿ 25 ಪೈಸೆ ಬೀಳುತ್ತದೆ. 250 ರೂಪಾಯಿಯ ಕತ್ತಿಯೊಂದನ್ನು ದಿನಕ್ಕೆ 4 ಬಾರಿ, ಪ್ರತಿ ಬಾರಿ 10 ನಿಮಿಷ ಮಸೆಯಬೇಕಾದರೆ 40 ನಿಮಿಷ, ಅಂದರೆ 50 ರೂಪಾಯಿಯ ಕೂಲಿ ಮಸೆಯುವುದಕ್ಕೇ ಹೋಯಿತು. 550 ರೂಪಾಯಿಯ ಕತ್ತಿಯನ್ನು ದಿನಕ್ಕೆ ಒಮ್ಮೆ ಮಸೆದರೆ ಸಾಕಾದರೆ ಆ ವೆಚ್ಚ 12 ರೂಪಾಯಿ 50 ಪೈಸೆ. ದಿನಕ್ಕೆ ಉಳಿತಾಯ 37 ರೂಪಾಯಿ 50 ಪೈಸೆ. ಬೆಲೆಯ ವ್ಯತ್ಯಾಸವಾದ 300 ರೂಪಾಯಿ ಎಂಟೇ ದಿನಗಳ ಕೆಲಸದಲ್ಲಿ ಮರಳಿ ಬರುತ್ತದೆ. ಅಲ್ಲಿಂದ ಮುಂದೆ ಕತ್ತಿ ಬಾಳುವಷ್ಟು ಕಾಲವೂ ಅದು ಲಾಭವೇ.

ತೋಟದ ಮಾಲೀಕನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬಲ್ಲ ವರ್ತಕನಿಗೆ 550 ರೂಪಾಯಿಯ ಕತ್ತಿಯನ್ನು ಮಾರುವುದು ಕಷ್ಟವಲ್ಲ. ಆದರೆ ದಿನಕ್ಕೆ ಎಷ್ಟು ಬಾರಿ ಮಸೆಯಬೇಕಾಗುತ್ತದೆ ಎಂಬ ಅಂಕಿ ಪರೀಕ್ಷೆ ಮಾಡದೆ ಸಿಗುವುದಿಲ್ಲ. ಅದನ್ನು ಒದಗಿಸಬೇಕಾದವನು ತಯಾರಕ.

ತೆರಿಗೆಯ ವರ್ಗೀಕರಣ

ಒಂದೇ ಕುಲುಮೆಯಿಂದ ಬರುವ ಅಲಗುಗಳು ಸರಕು ಮತ್ತು ಸೇವಾ ತೆರಿಗೆಯಲ್ಲಿ ಬೇರೆ ಬೇರೆ ಶೀರ್ಷಿಕೆಗಳಿಗೆ ಸೇರುತ್ತವೆ ಎಂಬುದನ್ನು ಹಲವು ಸದಸ್ಯರು ಗಮನಿಸಿದಂತಿಲ್ಲ. ಕೃಷಿ, ತೋಟಗಾರಿಕೆ ಮತ್ತು ಅರಣ್ಯ ಕೆಲಸದ ಕೈ ಉಪಕರಣಗಳು, ಕೊಡಲಿ, ಕೊಕ್ಕೆಗತ್ತಿ ಮತ್ತು ಅಂಥ ಕಡಿಯುವ ಉಪಕರಣಗಳು 8201ನೇ ಶೀರ್ಷಿಕೆಗೆ ಸೇರುತ್ತವೆ. ಮಚೆಟೆಯನ್ನೂ ಈ ಗುಂಪಿನಲ್ಲಿಯೇ ಪರಿಗಣಿಸಲಾಗುತ್ತದೆ. 2017ರ ಜುಲೈ 1ರಂದು ತೆರಿಗೆ ಜಾರಿಗೆ ಬಂದಾಗಿನಿಂದ ಕೈಯಿಂದ ನಡೆಸುವ ಈ ಉಪಕರಣಗಳಿಗೆ ವಿನಾಯಿತಿ ಇದೆ. ಆದರೆ ಸ್ಥಿರ ಅಲಗಿನ ಇತರ ಚಾಕುಗಳು 8211ನೇ ಶೀರ್ಷಿಕೆಯಲ್ಲಿವೆ. ಅವುಗಳ ಮೇಲೆ 2017ರಲ್ಲಿ ಶೇ. 12ರಷ್ಟಿದ್ದ ತೆರಿಗೆ 2022ರ ಜುಲೈ 18ರಿಂದ ಶೇ. 18ಕ್ಕೆ ಏರಿತು. ಸವರುವ ಚಾಕುಗಳನ್ನು ಈ ಶೀರ್ಷಿಕೆಯಲ್ಲಿಯೇ ಹೆಸರಿಸಲಾಗಿದೆ ಎಂಬುದೂ ನೆನಪಿರಲಿ. ಮಾಂಸದಂಗಡಿಯ ಮತ್ತು ಅಡುಗೆಮನೆಯ ಮಚ್ಚುಗಳಿಗೆ 8214 ಎಂಬ ಮತ್ತೊಂದು ಶೀರ್ಷಿಕೆಯಿದೆ.

ಹೀಗಾಗಿ ಬಿಲ್ಲಿನಲ್ಲಿ ಬರಿದೇ "ಚಾಕು, ದೊಡ್ಡದು" ಎಂದು ಬರೆದರೆ ತೋಟದ ಕತ್ತಿಗೂ ತೆರಿಗೆಯ ತಗಾದೆ ಬರಬಹುದು. ಅಡುಗೆಮನೆಯ ಮಚ್ಚನ್ನು ಕೃಷಿ ಉಪಕರಣವೆಂದು ಬರೆದರೆ ಬಾಕಿ ತೆರಿಗೆಯ ಜೊತೆಗೆ ಬಡ್ಡಿ, ದಂಡಗಳೂ ಸೇರುತ್ತವೆ. ವಸ್ತುವಿನ ವಿನ್ಯಾಸ ಮತ್ತು ಉದ್ದೇಶವೇ ಇಲ್ಲಿ ನಿರ್ಣಾಯಕವಾದ್ದರಿಂದ ಯಾವ ಕೆಲಸಕ್ಕಾಗಿ ರೂಪಿಸಿದ್ದು, ಯಾವ ಕೆಲಸದಲ್ಲಿ ಪರೀಕ್ಷಿಸಿದ್ದು ಎಂಬ ಲಿಖಿತ ದಾಖಲೆ ತಯಾರಕನ ಪರವಾಗಿ ನಿಲ್ಲುವ ಸಾಕ್ಷ್ಯವಾಗುತ್ತದೆ.

ವಿನಾಯಿತಿಯೆಂದರೆ ಪೂರ್ತಿ ಲಾಭವೆಂದು ತಿಳಿಯಬಾರದು. ವಿನಾಯಿತಿ ಪಡೆದ ಸರಕಿನ ತಯಾರಿಕೆಗೆ ಬಳಸಿದ ಉಕ್ಕಿನ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. 100 ರೂಪಾಯಿಯ ಉಕ್ಕಿಗೆ ಶೇ. 18ರ ತೆರಿಗೆ ತೆತ್ತರೆ ಅದರ ನೈಜ ವೆಚ್ಚ 118 ರೂಪಾಯಿ. ಬೆಲೆ ನಿಗದಿಯಲ್ಲಿ ಈ 18 ರೂಪಾಯಿಯನ್ನು ಮರೆತವರು ತಮಗರಿಯದೆಯೇ ನಷ್ಟಕ್ಕೆ ಮಾರುತ್ತಿರುತ್ತಾರೆ. ವಿನಾಯಿತಿಯ ಸರಕನ್ನೂ ತೆರಿಗೆಯ ಸರಕನ್ನೂ ಒಂದೇ ಘಟಕದಲ್ಲಿ ತಯಾರಿಸುವವರು ಜಮೆಯನ್ನು ಪ್ರಮಾಣಾನುಸಾರ ವಿಂಗಡಿಸಬೇಕು. ರಫ್ತಿನ ವಿಷಯದಲ್ಲಿ ಮಾತ್ರ ಸ್ಥಿತಿ ಭಿನ್ನ. ಸಮಗ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 16ನೇ ಪ್ರಕರಣದಂತೆ ವಿನಾಯಿತಿಯ ಸರಕನ್ನು ರಫ್ತು ಮಾಡಿದರೂ ಈ ಜಮೆ ಪಡೆಯಲು ಅವಕಾಶವಿದೆ.

ಆಯುಧ ಅಧಿನಿಯಮ, 1959ರ ವ್ಯಾಖ್ಯೆಯೂ ಉದ್ದೇಶವನ್ನೇ ಆಧರಿಸಿದೆ. ಕೇವಲ ಗೃಹಕೃತ್ಯ ಅಥವಾ ಕೃಷಿ ಬಳಕೆಗಾಗಿ ರೂಪಿಸಿದ ವಸ್ತುಗಳನ್ನು ಅದು ಆಯುಧವೆಂದು ಗಣಿಸುವುದಿಲ್ಲ. ಆದರೆ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಇತರ ಅಲಗುಗಳು ನಿಯಮಗಳ ಪಟ್ಟಿಯಲ್ಲಿ ಬರುತ್ತವೆ. ಆದಕಾರಣ ತೋಟದ ಕತ್ತಿಗೆ ಕಠಾರಿಯ ಮೊನೆ, ಎರಡೂ ಕಡೆ ಬಾಯಿ, ಭಯ ಹುಟ್ಟಿಸುವ ಹೆಸರು ಇವನ್ನು ಕೊಟ್ಟು ಮಾರಲು ಹೋಗುವುದು ಅವಿವೇಕ.

ಸಣ್ಣ ಕುಲುಮೆಯ ಬಲ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1826ರಲ್ಲಿ ಆರಂಭವಾದ ಕಾಲಿನ್ಸ್ ಕಂಪನಿ ಲ್ಯಾಟಿನ್ ಅಮೆರಿಕದ ದೇಶಗಳಿಗೆ ಮಚೆಟೆಗಳನ್ನು ಒದಗಿಸಿ ಹೆಸರಾಯಿತು. ಒಂದೇ ನಮೂನೆಯನ್ನು ಎಲ್ಲರ ಮೇಲೆ ಹೇರದೆ ಪ್ರದೇಶಕ್ಕೂ ಬೆಳೆಗೂ ಒಪ್ಪುವ ನಮೂನೆಗಳನ್ನು ಅದು ತಯಾರಿಸುತ್ತಿತ್ತು. ಕಂಪನಿ 1966ರಲ್ಲಿ ಮುಚ್ಚಿಹೋಯಿತು. ಬ್ರೆಜಿಲ್‌ನ ಕಾರ್ಲೋಸ್ ಬಾರ್ಬೋಸಾ ಎಂಬಲ್ಲಿ 1911ರಲ್ಲಿ ಒಂದು ಸಣ್ಣ ಕಮ್ಮಾರಸಾಲೆಯಾಗಿ ಆರಂಭವಾದ ತ್ರಮೊಂತೀನಾ ಇಂದು ಹಲವು ದೇಶಗಳಿಗೆ ಮಚೆಟೆಗಳನ್ನು ರಫ್ತು ಮಾಡುವ ದೊಡ್ಡ ಉದ್ಯಮ. ತಗಡಿನಿಂದ ಯಂತ್ರದಲ್ಲಿ ಕತ್ತರಿಸಿದ ಹಗುರ ಅಲಗಿನ ಬೆಲೆಯೊಡನೆ ನಮ್ಮ ಕುಲುಮೆಗಳು ಸ್ಪರ್ಧಿಸಲಾರವು. ಆದರೆ ಲಂಟಾನದ ಪೊದೆಗೆ, ತೆಂಗಿನ ಗರಿಗೆ, ಕಾಫಿ ತೋಟದ ನೆರಳುಮರಗಳ ಕೊಂಬೆ ಸವರುವುದಕ್ಕೆ ಯಾವ ಬಾಗು, ಯಾವ ತೂಕ ಬೇಕೆಂಬುದು ಇಲ್ಲಿನ ಕಮ್ಮಾರನಿಗೆ ತಿಳಿದಿರುವಷ್ಟು ದೂರದ ಕಾರ್ಖಾನೆಗೆ ತಿಳಿಯದು. ಆ ತಿಳಿವಳಿಕೆ ಕಾಗದಕ್ಕೆ ಇಳಿದಾಗ ಮಾತ್ರ ಅದಕ್ಕೆ ಬೆಲೆ ಬರುತ್ತದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಉಪಕರಣ ತಯಾರಿಕೆಯೂ ಸೇರಿವೆ. ತರಬೇತಿ, ಸಲಕರಣೆಗಾಗಿ 15,000 ರೂಪಾಯಿಯ ಪ್ರೋತ್ಸಾಹಧನ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ಹಾಗೂ ನಂತರ 2 ಲಕ್ಷ ರೂಪಾಯಿಯ ಸಾಲವನ್ನು ಈ ಯೋಜನೆಯಲ್ಲಿ ರೂಪಿಸಲಾಗಿದೆ. ತಮಗೆ ಕತ್ತಿ ಒದಗಿಸುವ ಕಮ್ಮಾರರಿಗೆ ವರ್ತಕರು ಇದರ ಮಾಹಿತಿ ನೀಡಿದರೆ ಇಬ್ಬರಿಗೂ ಹಿತ.

ಸದಸ್ಯರಿಗೆ ಸಲಹೆಗಳು

1. ಪ್ರತಿ ಕಂತಿನ ಅಲಗುಗಳಿಗೆ ತಿಂಗಳು ಮತ್ತು ಕಂತಿನ ಸಂಖ್ಯೆಯನ್ನು ಒತ್ತಬೇಕು. ಮರಳಿ ಬಂದ ಕತ್ತಿ ಯಾವ ದಿನದ ಹದ ಎಂಬುದು ತಕ್ಷಣ ತಿಳಿಯುತ್ತದೆ.

2. ಪ್ರತಿ ಕಂತಿನಿಂದ ಕನಿಷ್ಠ ಎರಡು ಕತ್ತಿಗಳನ್ನು ಹುಲ್ಲು, ಹಸಿ ಕಾಂಡ, ಒಣ ಕೊಂಬೆ, ಬಿದಿರು ಈ ನಾಲ್ಕರ ಮೇಲೆ ಪರೀಕ್ಷಿಸಿ ಒಂದು ಪುಟದ ವರದಿ ಬರೆದಿಡಬೇಕು. ಪರೀಕ್ಷೆಯ ವೇಳೆ ಎರಡು ತೋಳುದ್ದ ಮತ್ತು ಅಲಗಿನ ಉದ್ದದಷ್ಟು ದೂರದಲ್ಲಿ ಯಾರೂ ನಿಲ್ಲಬಾರದು.

3. ವಾಪಸಾದ ಮಾಲನ್ನು ಮಡಿಕೆ, ಚಕ್ಕೆ, ಹಿಡಿ ಎಂಬ ಮೂರು ಕಾರಣಗಳಡಿ ಬೇರೆಬೇರೆಯಾಗಿ ದಾಖಲಿಸಿ, ವರ್ಷಾಂತ್ಯಕ್ಕೆ ಕಾಯದೆ ಆಯಾ ತಿಂಗಳೇ ವಸೂಲಿ ಮೌಲ್ಯಕ್ಕೆ ಇಳಿಸಬೇಕು.

4. ಬಿಲ್ಲಿನಲ್ಲಿ ಬಳಕೆಯನ್ನು ಸೂಚಿಸುವ ಹೆಸರನ್ನೇ ಬರೆಯಬೇಕು. ನೋಂದಾಯಿತ ವರ್ತಕರು ವಿನಾಯಿತಿಯ ಸರಕಿಗೆ ಬಿಲ್ ಆಫ್ ಸಪ್ಲೈ ನೀಡಬೇಕು. ಬಿಲ್ ಮಾಡುವ ದಿನದ ದರವನ್ನು ಖಚಿತಪಡಿಸಿಕೊಳ್ಳಬೇಕು.

5. ಮಳೆಗಾಲಕ್ಕೆ ಮುನ್ನ ದಾಸ್ತಾನಿನ ಅಲಗುಗಳಿಗೆ ಎಣ್ಣೆ ಸವರಿ ಕಾಗದ ಸುತ್ತಿಡಬೇಕು. ತುಕ್ಕು ಹಿಡಿದ ಹೊಸ ಕತ್ತಿ ಹಳೆಯ ಕತ್ತಿಯ ಬೆಲೆಗೇ ಹೋಗುತ್ತದೆ.

ಈ ಐದು ಕ್ರಮಗಳಿಗೂ ಹೊಸ ಬಂಡವಾಳ ಬೇಕಾಗಿಲ್ಲ. ಒಂದು ನೋಟ್ ಪುಸ್ತಕ, ಒಂದು ಅರ ಮತ್ತು ತಿಂಗಳಿಗೆ ಅರ್ಧ ದಿನದ ಕೂಲಿ ಸಾಕು. ಮೇಲೆ ಹೇಳಿದ ಘಟಕದ ಗೋದಾಮಿನಲ್ಲಿ ಗುಜರಿಯ ಬೆಲೆಗೆ ಇಳಿದ ರಾಶಿಯನ್ನು ಗಮನಕ್ಕೆ ತಂದುಕೊಂಡರೆ ಈ ವೆಚ್ಚ ಅತ್ಯಲ್ಪವೆಂದು ಯಾರೂ ಒಪ್ಪುತ್ತಾರೆ. ಮುಂಗಾರಿನ ಬೇಡಿಕೆ ಆರಂಭವಾಗುವ ಮೊದಲೇ ಸದಸ್ಯರು ತಮ್ಮ ಒಂದು ಕಂತಿನ ಮೇಲಾದರೂ ಈ ಪರೀಕ್ಷೆಯನ್ನು ನಡೆಸಿ ನೋಡುವುದು ಉಚಿತ.